ಹೇಗೂ ಬಿಚ್ಚಿದ್ದೀನಲ್ಲ

ಡ್ವೇನ್ ಪವ್ಲಾಕ್‌ನ ಹೆಂಡತಿಯದು ಹನ್ನೊಂದು ವರ್ಷದಿಂದ ಒಂದೇ ಅಹವಾಲು: ಮನೆಗೆ ಗ್ಯಾರೇಜ್ ಇದೆ, ತನಗೊಂದು ವ್ಯಾನಿದೆ, ಆದರೆ ಇವೆರಡಕ್ಕೂ ಇನ್ನೂ ಪರಸ್ಪರ ಪರಿಚಯವಾಗಿಲ್ಲ.

ಅಹವಾಲಿನಲ್ಲಿ ಹುರುಳಿತ್ತು. ರೋಂಡಾ ಶಾಲೆಯ ಬಸ್ಸು ಓಡಿಸುವವಳು. ಬೆಳಿಗ್ಗೆ ಐದಕ್ಕೆ ಮನೆ ಬಿಡಬೇಕು. ಮಿಷಿಗನ್ನಿನ ಚಳಿಗಾಲದಲ್ಲಿ ಬೆಳಗಿನ ಐದು ಗಂಟೆ ಎಂದರೆ ನಾಯಿಯೂ ಹೊರಗೆ ಹೋಗಿಬರಲು ಎರಡು ಸಲ ಯೋಚಿಸುವ ಹೊತ್ತು. ಆ ಹೊತ್ತಿನಲ್ಲಿ ಅವಳು ಅಂಗಳದಲ್ಲಿ ನಿಂತು ವ್ಯಾನಿನ ಗಾಜಿಗೆ ಹಿಡಿದ ಮಂಜುಗಡ್ಡೆಯನ್ನು ಕೆರೆಯುತ್ತಿದ್ದಳು. ಒಳಗೆ ಬೆಚ್ಚಗೆ ಹೊದ್ದು ಮಲಗಿರುತ್ತಿದ್ದವರು ಇಬ್ಬರು. ಒಬ್ಬ ಡ್ವೇನ್, ಇನ್ನೊಂದು, ಗ್ಯಾರೇಜಿನಲ್ಲಿ, ಅವನ ಎಪ್ಪತ್ತನೇ ಇಸವಿಯ ಶೆವೆಲ್ ಕಾರು. (ಹೊದಿಕೆ ಕಾರಿನದೇ ಮೇಲ್ತರದ್ದು. ಡ್ವೇನ್‌ನ ಕಂಬಳಿಯಲ್ಲಿ ಎರಡು ತೂತಿದ್ದವು.)

ಈ ಕಾರಿನ ಪುರಾಣ ಆರಂಭವಾದದ್ದು ಒಂದು ಬಲ್ಬಿನಿಂದ. ಹನ್ನೊಂದು ವರ್ಷದ ಹಿಂದೆ ಅದರ ಹಿಂಬದಿಯ ಎಡಗಡೆ ದೀಪ ಹತ್ತಲಿಲ್ಲ. ಹದಿನೈದು ನಿಮಿಷದ ಕೆಲಸ. ಡ್ವೇನ್ ದೀಪ ಬಿಚ್ಚಿದ. ಒಳಗೆ ಡಿಕ್ಕಿಯ ತಳಕ್ಕೆ ತುಕ್ಕು ಹಿಡಿದದ್ದು ಕಂಡಿತು. "ಹೇಗೂ ಬಿಚ್ಚಿದ್ದೀನಲ್ಲ" ಎಂದು ತಳವನ್ನೇ ಕತ್ತರಿಸಿದ. ಕೆಳಗೆ ಪೆಟ್ರೋಲ್ ಟ್ಯಾಂಕು ಕಂಡಿತು, ಅದನ್ನೂ ಇಳಿಸಿದ. ಟ್ಯಾಂಕಿನ ಕೊಳವೆ ಹಿಡಿದು ಮುಂದೆ ಮುಂದೆ ಹೋದರೆ ಎಂಜಿನ್ ಸಿಕ್ಕಿತು. ಎಂಜಿನ್ನನ್ನು ಎತ್ತಿ ಹೊರಗಿಟ್ಟ ಮೇಲೆ ಅದೇ ಹಳೆಯದನ್ನು ಮತ್ತೆ ಕೂರಿಸುವುದು ಗಂಡಸಿಗೆ ಶೋಭೆಯಲ್ಲ ಎನಿಸಿ ಅದರ ಒಂದೂವರೆಯಷ್ಟು ದೊಡ್ಡದನ್ನು ತಂದ. ದೊಡ್ಡ ಎಂಜಿನ್ನಿಗೆ ಹಳೆಯ ಗೇರ್‌ಬಾಕ್ಸ್ ತಡೆಯದು, ಹೊಸ ಗೇರ್‌ಬಾಕ್ಸಿಗೆ ಹಳೆಯ ಆಕ್ಸಲ್ ತಾಳದು. ಕೌಪೀನ ಕಚ್ಚುವ ಇಲಿಗೆಂದು ಬೆಕ್ಕು ಸಾಕಿದ ಸನ್ಯಾಸಿ ಕೊನೆಗೆ ಹೆಂಡತಿ ಮಕ್ಕಳ ಜೊತೆ ಸಂಸಾರ ಹೂಡಿದನಂತೆ. ಡ್ವೇನ್ ಸಂಸಾರವಂದಿಗನಾಗಿದ್ದುಕೊಂಡೇ ಗ್ಯಾರೇಜಿನಲ್ಲಿ ಎರಡನೆಯದನ್ನು ಹೂಡಿದ. ಬಲ್ಬಿನ ವಿಚಾರ ಅವನಿಗೆ ನೆನಪಾದದ್ದು ಆರನೇ ವರ್ಷದಲ್ಲಿ.

ದೊಡ್ಡ ಎಂಜಿನ್ ಕೂತ ಮೇಲೆ ತೂಕ ಇಳಿಸುವ ಹುಚ್ಚು ಹತ್ತಿತು. ಕಾರಿನ ತೂಕ, ತನ್ನದಲ್ಲ. ನೂರು ಪೌಂಡು ಇಳಿಸಿದರೆ ಕಾಲು ಮೈಲಿಯ ಓಟದಲ್ಲಿ ಸೆಕೆಂಡಿನ ಹತ್ತನೇ ಒಂದು ಭಾಗ ಉಳಿಯುತ್ತದೆ ಎಂಬುದು ಕಾರು ಓಟದ ಪಂಥದವರ ವೇದವಾಕ್ಯ.

"ಬಚ್ಚಲಲ್ಲಿದ್ದ ತೂಕದ ಮೆಷೀನು ಎಲ್ಲಿ?" ಎಂದು ರೋಂಡಾ ಒಂದು ದಿನ ಕೇಳಿದಳು.

"ಗ್ಯಾರೇಜಲ್ಲಿದೆ. ಹಿಂದಿನ ಸೀಟು ತೂಗ್ತಿದ್ದೆ."

"ಸೀಟು ಯಾಕೆ ಕಿತ್ತೆ?"

"ನಲವತ್ತೊಂದು ಪೌಂಡು ಕಣೇ. ಹೀಟರು ಇಪ್ಪತ್ತೆರಡು. ಕಾರ್ಪೆಟ್ಟು, ರೇಡಿಯೋ, ಸ್ಪೇರ್ ಚಕ್ರ ಎಲ್ಲ ಸೇರಿ ಇವತ್ತಿಗೆ ಇನ್ನೂರು. ಸೆಕೆಂಡಿನ ಐದನೇ ಒಂದು ಭಾಗ ಉಳೀತು."

"ಉಳಿದ ಟೈಮಲ್ಲಿ ಏನ್ ಮಾಡ್ತೀಯ?"

ಡ್ವೇನ್ ಕೈಯಲ್ಲಿದ್ದ ಚೀಟಿಯಲ್ಲಿ ಇನ್ನೂರರ ಕೆಳಗೆ ಇನ್ನೊಂದು ಗೆರೆ ಎಳೆದ.

"ಅದರ ಬದಲು ನೀನೇ ಐವತ್ತು ಇಳಿಸಿದ್ರೆ ಸೀಟೂ ಉಳ್ಕೊಳ್ತಿತ್ತು," ಎಂದು ಹೇಳಿ ಅವಳು ಮೆಷೀನನ್ನು ಬಚ್ಚಲಿಗೆ ವಾಪಸ್ ಒಯ್ದಳು. (ಡ್ವೇನ್ ಅದರ ಮೇಲೆ ಒಮ್ಮೆ ನಿಂತು ನೋಡಿದ್ದುಂಟು. ಇನ್ನೂರ ಮೂವತ್ತನಾಲ್ಕು ಪೌಂಡು ತೋರಿಸಿತು. ಮೆಷೀನು ಸೀಟಿಗೆ ಸರಿ, ಮನುಷ್ಯರಿಗೆ ಸರಿಯಿಲ್ಲ ಎಂದು ತೀರ್ಮಾನಿಸಿ ಕೆಳಗಿಳಿದಿದ್ದ.)

ಇಂಥ ಕಾರಿಗೆ ಪರಮಶತ್ರು ಒಂದೇ, ಉಪ್ಪು. ಹಿಮ ಬಿತ್ತೆಂದರೆ ಸಾಕು, ಮಂಜುಗಡ್ಡೆ ಕರಗಲೆಂದು ಜಿಲ್ಲಾಡಳಿತದ ಲಾರಿಗಳು ರಸ್ತೆಯುದ್ದಕ್ಕೂ ಉಪ್ಪು ಸುರಿಯುತ್ತವೆ. ಅದು ಕಾರಿನ ಹೊಟ್ಟೆಗೆ ಮೆತ್ತಿದರೆ ನಾಲ್ಕೇ ಚಳಿಗಾಲದಲ್ಲಿ ಕಬ್ಬಿಣ ಹಪ್ಪಳವಾಗುತ್ತದೆ. ಹಾಗಾಗಿ ಮೊದಲ ಉಪ್ಪಿನ ಲಾರಿ ಕಣ್ಣಿಗೆ ಬೀಳುವ ಮುಂಚೆ ಇಂಥ ಕಾರುಗಳು ಒಳಗೆ ಸೇರಬೇಕು. ವಸಂತದಲ್ಲಿ ಎರಡು ಜಡಿಮಳೆ ಬಂದು ರಸ್ತೆ ತೊಳೆಯುವವರೆಗೆ ಹೊರಗೆ ಕಾಲಿಡಬಾರದು. ಯಾವ ಮಡಿಹೆಂಗಸೂ ಇಷ್ಟು ಕಟ್ಟುನಿಟ್ಟಾಗಿ ಮೈಲಿಗೆ ನೋಡಿರಲಾರಳು. ಡ್ವೇನ್ ತನ್ನ ಶೆವೆಲ್ಲಿಗೆ ಒಂದು ಹರಳು ಉಪ್ಪು ಸೋಕಲು ಬಿಟ್ಟಿರಲಿಲ್ಲ. ಹನ್ನೊಂದು ವರ್ಷ ಅದಕ್ಕೆ ಚಕ್ರವೇ ಇರಲಿಲ್ಲವಾದ್ದರಿಂದ ಇದು ಅಷ್ಟೇನೂ ಕಷ್ಟವಾಗಲಿಲ್ಲ.

ರೋಂಡಾಳ ತಾಳ್ಮೆಗೆ ಕೊನೆ ಬಂದದ್ದು ಸೆಪ್ಟೆಂಬರಿನಲ್ಲಿ. ಡ್ವೇನ್ ಎಂಜಿನ್ನಿನ ಮುಚ್ಚಳಗಳಿಗೆ ಕಪ್ಪು ಬಣ್ಣ ಬಳಿದು, ಬಣ್ಣ ಗಟ್ಟಿಯಾಗಲೆಂದು ಅಡುಗೆಮನೆಯ ಓವನ್ನಿನಲ್ಲಿ ಬೇಯಿಸಿದ. ಈ ಕಸುಬಿನವರೆಲ್ಲ ಹೆಂಡತಿ ಮನೆಯಲ್ಲಿಲ್ಲದಾಗ ಮಾಡುವ ಕೆಲಸವೇ ಅದು. ಮುಚ್ಚಳಗಳು ಹದವಾಗಿ ಬೆಂದವು. ಮಾರನೆಯ ದಿನ ಅದೇ ಓವನ್ನಿನಲ್ಲಿ ರೋಂಡಾ ಚರ್ಚಿನ ಊಟಕ್ಕೆಂದು ಆಲೂಗಡ್ಡೆ, ಚೀಸ್ ಹಾಕಿ ದೊಡ್ಡ ತಟ್ಟೆ ತುಂಬ ಬೇಯಿಸಿ ಒಯ್ದಳು. ಪಾದ್ರಿಗಳು ಸೌಜನ್ಯಕ್ಕೆ ಎರಡನೇ ಸಲವೂ ಹಾಕಿಸಿಕೊಂಡರು. ಆಮೇಲೆ ಬಾಯಿಂದ ಬಣ್ಣದ ವಾಸನೆ ಹೋಗಲೆಂದು ಮೂರು ಲೋಟ ಕಾಫಿ ಕುಡಿದರು.

"ನವೆಂಬರ್ ಹದಿನೈದಕ್ಕೆ ಜಿಂಕೆ ಬೇಟೆ ಶುರುವಾಗತ್ತೆ," ಎಂದಳು ರೋಂಡಾ, ಮನೆಗೆ ಬಂದು ತಟ್ಟೆ ತೊಳೆಯುತ್ತ. "ಹದಿನಾಲ್ಕನೇ ತಾರೀಕು ನನ್ನ ವ್ಯಾನು ಗ್ಯಾರೇಜ್ ಒಳಗಿರ್ಬೇಕು. ಇಲ್ದಿದ್ರೆ ನಾನು ಬಸ್ಸನ್ನೇ ತಂದು ಒಳಗೆ ನಿಲ್ಲಿಸ್ತೀನಿ. ಬಾಗಿಲು ತೆಗೆದಿದ್ಯೋ ಇಲ್ವೋ ಅಂತ ನೋಡೋಕೆ ಹೋಗಲ್ಲ."

ಇಪ್ಪತ್ತಾರು ವರ್ಷ ಐವತ್ತೆರಡು ಮಕ್ಕಳನ್ನು ಬೆನ್ನ ಹಿಂದೆ ಕೂರಿಸಿಕೊಂಡು ಹಿಮದಲ್ಲಿ ಬಸ್ಸು ಓಡಿಸಿದ ಹೆಂಗಸು ಬರಿಮಾತು ಆಡುವುದಿಲ್ಲ ಎಂಬುದು ಡ್ವೇನ್‌ಗೆ ಗೊತ್ತಿತ್ತು. ಎರಡು ತಿಂಗಳು ಅವನು ಎತ್ತಿನಂತೆ ದುಡಿದ. ಶೆವೆಲ್ ಚಳಿಗಾಲ ಕಳೆಯಲು ಜಾಗವನ್ನೂ ಹುಡುಕಿದ: ರೋಂಡಾಳ ತಮ್ಮ ಗ್ಲೆನ್‌ನ ಹೊಲದಲ್ಲಿ ದೊಡ್ಡ ಒಣ ಕೊಟ್ಟಿಗೆಯಿತ್ತು. ಅದಕ್ಕೆ ಪ್ರತಿಯಾಗಿ ಬೇಟೆಯ ವಾರವಿಡೀ ಡ್ವೇನ್‌ನ ಪಿಕಪ್ ಲಾರಿ ಗ್ಲೆನ್‌ಗೆ ಎಂದು ಮಾತಾಯಿತು. ಇಂಥ ಒಪ್ಪಂದವನ್ನು ರಾಯಭಾರಿಗಳೂ ಮಾಡಿರಲಾರರು ಎಂದು ಡ್ವೇನ್ ಬೀಗಿದ. ಗ್ಲೆನ್ ಲಾರಿಯ ಜೊತೆಗೆ ಕೊಟ್ಟಿಗೆಯ ಬೀಗದ ಕೈಯನ್ನೂ ಜೇಬಿನಲ್ಲಿಟ್ಟುಕೊಂಡು ಒಂದು ದಿನ ಮುಂಚೆಯೇ ಉತ್ತರದ ಕಾಡಿಗೆ ಹೊರಟುಹೋದದ್ದು ಅವನಿಗೆ ಆಮೇಲೆ ತಿಳಿಯಿತು.

ಆದರೂ ಮಾತು ಮಾತೇ. ಹದಿನಾಲ್ಕರ ಗುರುವಾರ ಮಧ್ಯಾಹ್ನ ಶೆವೆಲ್ ಸ್ಟಾರ್ಟ್ ಆಯಿತು. ಮೂರು ಮನೆಯಾಚೆ ಒಬ್ಬಳ ಗೋಡೆಯ ಮೇಲಿಂದ ಫೋಟೋ ಬಿತ್ತು. ಡ್ವೇನ್ ಕಾರನ್ನು ಹೊರಗೆ ತಂದು ಅಂಗಳದಲ್ಲಿ ನಿಲ್ಲಿಸಿ, ಹೊದಿಕೆ ಹೊದಿಸಿ, ಅದರ ಮೇಲೊಂದು ಟಾರ್ಪಾಲು ಬಿಗಿದ. ಗ್ಲೆನ್ ಬರುವ ಮುಂದಿನ ಗುರುವಾರದವರೆಗೆ ಅದು ಅಲ್ಲಿಂದ ಕದಲದಿದ್ದರೆ ಉಪ್ಪಿನ ಭಯವಿಲ್ಲ. ಸಂಜೆ ರೋಂಡಾ ತನ್ನ ವ್ಯಾನನ್ನು ಗ್ಯಾರೇಜಿನೊಳಗೆ ತಂದು ನಿಲ್ಲಿಸಿದಳು. ಇಳಿದು ಬಾಗಿಲು ಹಾಕಿ, ಒಂದು ನಿಮಿಷ ಸುಮ್ಮನೆ ನಿಂತು ನೋಡಿದಳು. ಅವಳ ಕಣ್ಣು ಒದ್ದೆಯಾದದ್ದನ್ನು ಡ್ವೇನ್ ಕಂಡ. ಅವನಿಗೆ ನಿಜಕ್ಕೂ ನಾಚಿಕೆಯಾಯಿತು.

ಆದರೆ ವ್ಯಾನು ಒಳಗೆ ಬರುವಾಗ ಅದರ ಮುಂದಿನ ಚಕ್ರ ಕೀಚ್ ಎಂದದ್ದನ್ನೂ ಅವನು ಕೇಳಿಸಿಕೊಂಡಿದ್ದ.

"ಕೀಚ್ ಅಂತಲ್ಲ, ಏನದು?"

"ಏನೂ ಇಲ್ಲ. ಮುಟ್ಟಬೇಡ," ಎಂದಳು ರೋಂಡಾ.

ಶನಿವಾರ ಅವಳ ಅಕ್ಕ ಬಂದು ಅವಳನ್ನು ತನ್ನ ಮನೆಗೆ ಕರೆದೊಯ್ದಳು. ಊರಿನ ಗಂಡಸರೆಲ್ಲ ಕಾಡಿನಲ್ಲಿ ಮರದ ಮೇಲೆ ಕೂತು ಜಿಂಕೆ ಕಾಯುತ್ತಿದ್ದರು. ಡ್ವೇನ್‌ಗೆ ಹನ್ನೊಂದು ವರ್ಷದಲ್ಲಿ ಮೊದಲ ಬಾರಿಗೆ ಮಾಡಲು ಕೆಲಸವಿರಲಿಲ್ಲ. ಒಂದು ಕೀಚಿನ ಪಕ್ಕದಲ್ಲಿ ಅಂಥವನನ್ನು ಒಂಟಿಯಾಗಿ ಬಿಡುವುದೂ ಒಂದೇ, ಹಾಲಿನ ಪಾತ್ರೆಯ ಪಕ್ಕ ಬೆಕ್ಕನ್ನು ಬಿಡುವುದೂ ಒಂದೇ. ಹೆಂಡತಿಗೆ ಒಂದು ಉಪಕಾರ ಮಾಡಿದ ಹಾಗಾಯಿತು ಎಂದುಕೊಂಡು ಅವನು ಸ್ಪ್ಯಾನರ್ ಎತ್ತಿಕೊಂಡ.

ಭಾನುವಾರ ಮಧ್ಯಾಹ್ನ ಹಿಮ ಬೀಳುತ್ತಿರುವಾಗ ರೋಂಡಾ ವಾಪಸ್ ಬಂದು ಗ್ಯಾರೇಜಿನ ಬಾಗಿಲು ತೆಗೆದಳು.

"ಡ್ವೇನ್."

"ಏನು?"

"ನನ್ನ ವ್ಯಾನಿಗೆ ಚಕ್ರ ಇಲ್ಲ."

"ಇದೆ. ಗೋಡೆಗೆ ಒರಗಿಸಿದ್ದೀನಿ ನೋಡು."

"ಮುಟ್ಟಬೇಡ ಅಂದಿದ್ದೆ."

"ಕೀಚ್ ಅಂತಿತ್ತು ಕಣೇ."

"ಎರಡು ವರ್ಷದಿಂದ ಅಂತಿದೆ. ನಾನೇನು ಅದನ್ನ ಹಾಡೋಕೆ ಕರ್ಕೊಂಡ್ ಹೋಗ್ತೀನಾ?"

"ಒಂದು ಬ್ರೇಕ್ ಬೋಲ್ಟು ಮುರೀತು. ತುಕ್ಕು. ಹನ್ನೊಂದು ಚಳಿಗಾಲ ಹೊರಗೆ ನಿಂತ ಗಾಡಿ ಅಂದ್ಮೇಲೆ..." ಎಂದವನು ಅಲ್ಲಿಗೇ ನಿಲ್ಲಿಸಿದ. ಮಾತು ತನ್ನನ್ನು ಎಲ್ಲಿಗೆ ಕರೆದುಕೊಂಡು ಹೋಗುತ್ತಿದೆ ಎಂಬುದು ಅವನಿಗೆ ಸ್ವಲ್ಪ ತಡವಾಗಿ ಹೊಳೆಯಿತು.

"ಒಂದು ಬೋಲ್ಟಿಗೆ ನಾಲ್ಕು ಚಕ್ರ ಯಾಕೆ ಬಿಚ್ಚಿದೆ?"

ಡ್ವೇನ್ ಬಾಯಿ ತೆರೆದ.

"ಬೇಡ, ಹೇಳಬೇಡ. ಗೊತ್ತು," ಎಂದಳು ರೋಂಡಾ. "ಸಾಮಾನು ಯಾವಾಗ ಬರತ್ತೆ?"

"ಗುರುವಾರ."

"ನಾಳೆ ಸೋಮವಾರ. ಐವತ್ತೆರಡು ಮಕ್ಕಳು ಚಳೀಲಿ ರಸ್ತೆ ಬದಿ ನಿಂತಿರ್ತಾವೆ."

ಡ್ವೇನ್ ಅಕ್ಕಪಕ್ಕದವರನ್ನೆಲ್ಲ ನೆನೆದ. ಎಲ್ಲರ ಗಾಡಿಗಳೂ ಗಂಡಸರ ಜೊತೆ ಕಾಡಿನಲ್ಲಿದ್ದವು. ಅವನ ಪಿಕಪ್ ಗ್ಲೆನ್ ಹತ್ತಿರ. ಅಕ್ಕ ಆಗಲೇ ವಾಪಸ್ ಹೊರಟು ಅರ್ಧ ದಾರಿ ಸೇರಿದ್ದಳು. ರೋಂಡಾ ಗೋಡೆಯ ಮೊಳೆಯಿಂದ ಶೆವೆಲ್ಲಿನ ಕೀಲಿಯನ್ನು ತೆಗೆದುಕೊಂಡಳು.

"ಬೇಡ ಕಣೇ," ಎಂದ ಡ್ವೇನ್. "ಉಪ್ಪು ಹಾಕಿರ್ತಾರೆ."

"ಹಾಕಿರ್ಲಿ. ಜಾರಲ್ಲ."

"ಹೀಟರಿಲ್ಲ."

"ಕೋಟಿದೆ."

"ರೋಂಡಾ, ಅದು ರಸ್ತೆ ಹಿಡಿಯಲ್ಲ. ಮುಂದೆಲ್ಲ ಎಂಜಿನ್ನು, ಹಿಂದೆ ಏನೂ ಇಲ್ಲ. ಹಿಮದಲ್ಲಿ ಆಕ್ಸಿಲರೇಟರ್ ಒತ್ತಿದ ತಕ್ಷಣ ಹಿಂದಿನ ಚಕ್ರ ನಿಂತಲ್ಲೇ ತಿರುಗ್ತಾ ಇರತ್ತೆ. ಡಿಕ್ಕೀಲಿ ಮರಳಿನ ಮೂಟೆನಾದ್ರೂ ಬೇಕು. ಮೂಟೆಗಳೆಲ್ಲ ಪಿಕಪ್ ಜೊತೆ ಹೋಗಿವೆ." ಇದೊಂದು ವಾದವಾದರೂ ನಿಲ್ಲಬಹುದು ಎಂದು ಅವನಿಗೆ ಆಸೆ ಮೂಡಿತು. ತಾಂತ್ರಿಕವಾಗಿ ಅದು ನೂರಕ್ಕೆ ನೂರು ಸರಿಯಾಗಿತ್ತು.

ರೋಂಡಾ ಯೋಚಿಸಿದಳು. "ಎಷ್ಟು ತೂಕ ಬೇಕು?"

"ಕಮ್ಮಿ ಅಂದ್ರೂ ಇನ್ನೂರು ಪೌಂಡು," ಎಂದ ಡ್ವೇನ್ ಧೈರ್ಯವಾಗಿ.

ರೋಂಡಾ ಅವನನ್ನು ಮೇಲಿಂದ ಕೆಳಗಿನವರೆಗೆ ಒಮ್ಮೆ ನೋಡಿದಳು.

ಸೋಮವಾರ ಬೆಳಿಗ್ಗೆ ಐದಕ್ಕೆ ಡ್ವೇನ್ ತನ್ನ ಶೆವೆಲ್ಲಿನ ಹಿಂಭಾಗದಲ್ಲಿ, ಸೀಟು ಇರಬೇಕಾಗಿದ್ದ ಜಾಗದಲ್ಲಿ, ಬರಿಯ ತಗಡಿನ ಮೇಲೆ ಸೋಫಾದ ದಿಂಬು ಹಾಕಿಕೊಂಡು ಕೂತಿದ್ದ. ಸರಿಯಾಗಿ ಆಕ್ಸಲಿನ ಮೇಲೆ; ಜಾಗವನ್ನು ಅವನೇ ಗುರುತು ಮಾಡಿ ತೋರಿಸಬೇಕಾಯಿತು. ಹೀಟರಿಲ್ಲದ್ದರಿಂದ ಗಾಜಿಗೆ ಒಳಗಿನಿಂದ ಮಂಜು ಕಟ್ಟುತ್ತಿತ್ತು. ಮೊದಲ ತಿರುವಿನಲ್ಲಿ ರೋಂಡಾ ಹಿಂದಕ್ಕೆ ಒಂದು ಟವೆಲು ಎಸೆದಳು. ಅವನು ಮುಂದಕ್ಕೆ ಬಾಗಿ ಅವಳ ಹೆಗಲ ಮೇಲಿಂದ ಗಾಜು ಒರೆಸಿದ.

"ಮುಂದೆ ಬರಬೇಡ, ಹಿಂದೆ ಕೂತ್ಕೋ," ಎಂದಳು ರೋಂಡಾ. "ಹಿಂದಿನ ಚಕ್ರ ಜಾರ್ತಿದೆ."

ಮುಖ್ಯ ರಸ್ತೆಗೆ ಬಂದರೆ ಮುಂದೆಯೇ ಉಪ್ಪಿನ ಲಾರಿ. ಶಾಲೆಯ ಬಸ್ ಡಿಪೋದವರೆಗೆ ಒಂಬತ್ತು ಮೈಲಿಯೂ ಅದರ ಬೆನ್ನಿಗೇ ಹೋಗಬೇಕಾಯಿತು. ಕಾರ್ಪೆಟ್ಟು ಇಲ್ಲದ ತಗಡಿಗೆ ಕೆಳಗಿನಿಂದ ಉಪ್ಪಿನ ಹರಳು ಬಡಿಯುವ ಸದ್ದು ಎಣ್ಣೆಗೆ ಸಾಸಿವೆ ಹಾಕಿದ ಹಾಗೆ ಒಂದೇ ಸಮನೆ ಬರುತ್ತಿತ್ತು. ಪ್ರತಿ ಹರಳೂ ಎಲ್ಲಿ ಬಡಿಯಿತೆಂದು ಡ್ವೇನ್‌ಗೆ ಗೊತ್ತಾಗುತ್ತಿತ್ತು, ಏಕೆಂದರೆ ಅಲ್ಲೆಲ್ಲ ಬಣ್ಣ ಬಳಿದವನು ಅವನೇ. ಅವನಿಗೆ ಅಳು ಬಂತು. ಚಳಿಗೆ ಅದೂ ಹೊರಗೆ ಬರಲಿಲ್ಲ. ಮುಂದೆ ಕೂತ ರೋಂಡಾ ಬಸ್ಸು ಓಡಿಸಿದಷ್ಟೇ ಸಲೀಸಾಗಿ ಗೇರು ಬದಲಾಯಿಸುತ್ತ ಹೋದಳು. ಇಷ್ಟು ಚೆನ್ನಾಗಿ ಈ ಕಾರನ್ನು ಯಾರಾದರೂ ಓಡಿಸಬಹುದು ಎಂದು ಅವನು ಅಂದುಕೊಂಡಿರಲಿಲ್ಲ. ಅದರಿಂದ ಇನ್ನಷ್ಟು ಸಂಕಟವಾಯಿತು.

ಡಿಪೋದಲ್ಲಿ ಬಸ್ಸಿನ ಡ್ರೈವರುಗಳೆಲ್ಲ ಕಾಫಿ ಲೋಟ ಹಿಡಿದು ಹೊರಗೆ ಬಂದರು. ಕಾರಿಗೆ ಒಂದು ಸುತ್ತು ಹಾಕಿದರು. ಕಿಟಕಿಯವರೆಗೆ ಬೆಳ್ಳಗಾಗಿದ್ದ ಅದರ ಮೈಯನ್ನು ಒಬ್ಬಳು ಬೆರಳಿನಿಂದ ಗೀಚಿ ನೋಡಿದಳು. ವರ್ನಾ ಎಂಬ ಹಿರಿಯ ಡ್ರೈವರಮ್ಮ ಹಿಂದಿನ ಕಿಟಕಿಗೆ ಮುಖ ಒತ್ತಿ ಇಣುಕಿದಳು.

"ಹಿಂದೆ ಯಾರೋ ಕೂತಿದ್ದಾರಲ್ಲೇ, ರೋಂಡಾ?"

"ಮರಳಿನ ಮೂಟೆ ಸಿಗಲಿಲ್ಲ," ಎಂದಳು ರೋಂಡಾ. "ಗುರುವಾರದವರೆಗೂ ಇವನೇ."

ಯಾರೂ ನಗಲಿಲ್ಲ. ಎಲ್ಲರೂ ಹಿಮದ ಊರಿನವರು, ಹಿಂದೆ ತೂಕವಿಲ್ಲದೆ ಗಾಡಿ ರಸ್ತೆ ಹಿಡಿಯುವುದಿಲ್ಲ ಎಂಬುದು ಅವರಿಗೆ ಗೊತ್ತು. ವರ್ನಾ ಮಾತ್ರ, ಅಷ್ಟು ಸಾಕಾಗುತ್ತದೆಯೇ ಎಂದು ವಿಚಾರಿಸಿದಳು.

ಡ್ವೇನ್‌ನನ್ನು ಕಿಟಕಿಯ ಪಕ್ಕದ ಬೆಂಚಿನ ಮೇಲೆ ಕೂರಿಸಿದರು. ಅಲ್ಲಿಂದ ಅವನ ಕಾರು ಪೂರ್ತಿ ಕಾಣುತ್ತಿತ್ತು, ಅದರಿಂದ ತೊಟ್ಟಿಕ್ಕುತ್ತಿದ್ದ ಉಪ್ಪು ನೀರೂ ಕಾಣುತ್ತಿತ್ತು. ರೋಂಡಾ ಬಸ್ಸಿಗೆ ಹೊರಡುವ ಮುಂಚೆ ಡೋನಟ್ಟಿನ ಡಬ್ಬಿಯನ್ನು ತಂದು ಅವನ ಮಡಿಲಿಗಿಟ್ಟಳು. ಅವನು ಒಂದು ತಿಂದು, ಬೇಸರದಿಂದ ಸಾಕೆಂದು ಡಬ್ಬಿ ಮುಚ್ಚಿದ.

ರೋಂಡಾ ಡಬ್ಬಿಯನ್ನು ಮತ್ತೆ ತೆರೆದಳು.

"ಇನ್ನೆರಡು ತಿನ್ನು," ಎಂದಳು. "ಮೂರೂವರೆಗೆ ವಾಪಸ್ ಹೋಗೋವಾಗ ರಸ್ತೆ ಇನ್ನೂ ಜಾರತ್ತಂತೆ."

ಡ್ವೇನ್ ತಿಂದ.