ಮೀನಿಗೆ ಹದವಾದ ನೀರು

ನನ್ನಂಥ ಅಂಜುಬುರುಕರು ಮೀನು ಸಾಕಬಾರದು. ದನಕ್ಕೆ ಹಸಿವಾದರೆ ಅಂಬಾ ಎನ್ನುತ್ತದೆ, ನಾಯಿಗೆ ನೋವಾದರೆ ಕುಂಯ್‌ಗುಡುತ್ತದೆ. ಮೀನು ಮಾತ್ರ ಸುಖವಾಗಿದ್ದಾಗಲೂ ಬಾಯಿ ತೆರೆದು ಮುಚ್ಚುತ್ತದೆ, ಸಾಯಲು ಹೊರಟಾಗಲೂ ಅದನ್ನೇ ಮಾಡುತ್ತದೆ. ಹಿಂದಿನ ಬೆಂಚಿನ ಹುಡುಗರ ಮುಖ ನೋಡಿಯೇ ಪಾಠ ತಲೆಗೆ ಹೋಗಿಲ್ಲವೆಂದು ಕಂಡುಹಿಡಿಯುವ ನಾನು ಮೀನಿನ ಮುಖದ ಮುಂದೆ ಸೋತುಹೋದೆ.

ಆಗ ನಾನು ಬನಹಟ್ಟಿಯಲ್ಲಿ ಹೈಸ್ಕೂಲು ಮಾಸ್ತರ. ಚಳಿಗಾಲದ ಒಂದು ರವಿವಾರ ನನ್ನ ಹೆಂಡತಿ ಗಂಗಾಳ ತಮ್ಮ ಮಿರಜದಿಂದ ಗಾಜಿನ ಪೆಟ್ಟಿಗೆ, ಪುಟ್ಟ ಗಾಳಿ ಪಂಪು, ಪ್ಲಾಸ್ಟಿಕ್ ಚೀಲದಲ್ಲಿ ಬಣ್ಣದ ಮೀನು ಹೊತ್ತುಕೊಂಡು ಬಂದಿಳಿದ. ಚೀಲವನ್ನು ಬಿಚ್ಚದೆ ಪೆಟ್ಟಿಗೆಯ ನೀರಿನಲ್ಲಿ ತೇಲಿಬಿಟ್ಟು, ಒಳಗಿನ ನೀರೂ ಹೊರಗಿನ ನೀರೂ ಒಂದೇ ಹದಕ್ಕೆ ಬಂದ ಮೇಲೆ ಮೀನು ಬಿಟ್ಟ. "ಮಾಮಾರ, ಇವು ಬೆಚ್ಚನ್ನ ನೀರಾಗ ಇರೋವು. ನೀರ ಥಂಡ ಆಗಬಾರದ್ರಿ, ಗುಳ್ಳಿ ನಿಂದರಬಾರದ್ರಿ" ಎಂದು ಪೆಟ್ಟಿಗೆಯ ಮೇಲೊಂದು ಬಲ್ಬು ಉರಿಸಿ, ಸಂಜೆಯ ಬಸ್ಸಿಗೆ ಹೋಗಿಯೂ ಬಿಟ್ಟ.

ನಮ್ಮದು ಲಿಂಗಪೂಜೆಯ ಮನೆ. ಮೀನೆಂಬ ಶಬ್ದವನ್ನೇ ಅಡುಗೆಮನೆಯಲ್ಲಿ ಆಡಗೊಡದವಳು ನಮ್ಮವ್ವ. ಪಡಸಾಲೆಯಲ್ಲಿ ಪೆಟ್ಟಿಗೆಗೆ ಬೆನ್ನು ಮಾಡಿ ಕುಳಿತು, "ಇದರಾಗ ಒಂದ ಜೀವ ಸತ್ತರೂ ನಾ ಸಾವಳಗಿಗೆ ತಂಗಿ ಮನಿಗೆ ಹೋಗಾಕಿ. ಮತ್ತ ಕರ್ಯಾಕ ಬರಬ್ಯಾಡ" ಎಂದಳು. ಆಡಿದ ಮಾತಿಗೆ ತಪ್ಪುವ ಹೆಂಗಸಲ್ಲ. ಹೀಗೆ ನನ್ನ ಸಂಸಾರದ ಶಾಂತಿ ಬೆರಳುದ್ದದ ಮೀನುಗಳ ಉಸಿರಿಗೆ ಗಂಟುಬಿತ್ತು.

ಮರುದಿನ ಬೆಳಿಗ್ಗೆ ಓಣಿಯ ಮಗ್ಗಗಳೆಲ್ಲ ಒಮ್ಮೆಲೇ ಸುಮ್ಮನಾದವು. ಬನಹಟ್ಟಿಯಲ್ಲಿ ಕರೆಂಟು ಹೋದದ್ದು ಮೊದಲು ತಿಳಿಯುವುದು ಕಿವಿಗೆ. ಓಡಿಹೋಗಿ ನೋಡಿದರೆ ಬಲ್ಬು ಆರಿತ್ತು, ಗುಳ್ಳೆ ನಿಂತಿತ್ತು. ಬರಬರುತ್ತ ಮೀನುಗಳು ಮೇಲಕ್ಕೆ ಬಂದು ಬಾಯಿ ಬಾಯಿ ಬಿಡತೊಡಗಿದವು. ಹೊಟ್ಟೆ ದಪ್ಪಗಿದ್ದ ಕರಿ ಮೀನೊಂದು ಮಾತ್ರ ಮೂಲೆ ಹಿಡಿದು ತಳದಲ್ಲಿ ಕುಳಿತಿತ್ತು. ನನಗೆ ಸಾವಳಗಿ ಬಸ್ಸಿನ ಹಾರ್ನು ಕೇಳಿದಂತಾಯಿತು.

ತಂಬಿಗೆಯಲ್ಲಿ ಪೆಟ್ಟಿಗೆಯ ನೀರನ್ನೇ ಎತ್ತಿ ಎತ್ತಿ ಮೇಲಿನಿಂದ ಸುರಿದೆ. ಹೇಗೋ ಗುಳ್ಳೆ ಎದ್ದವು. ಗಂಗಾ ನನ್ನ ಹಾಸಿಗೆಯ ಕೌದಿ ತಂದು ಪೆಟ್ಟಿಗೆಗೆ ಸುತ್ತಿದಳು. ಮಗ್ಗ ನಿಂತು ಕೈ ಖಾಲಿಯಾಗಿದ್ದ ಪಕ್ಕದ ಮನೆಯ ಈರಪ್ಪ ಬಂದು, "ಸರ್ರ, ಉಸಿರ ಕಟ್ಟಿದ್ದು ಮೀನಿಗೋ, ನಿಮಗೋ?" ಎಂದು ಕೇಳಿದ, ನನ್ನ ಕೈ ಸೋತದ್ದು ನೋಡಿ ತಂಬಿಗೆ ತಾನೇ ಇಸಿದುಕೊಂಡ. ನೀರು ತಣ್ಣಗಾಗುತ್ತಿದೆಯೆಂದು ಹೆದರಿ ನಾನು ಹಂಡೆಯಿಂದ ಒಂದು ಚರಿಗೆ ಕಾದ ನೀರು ತಂದು, ಸುರಿಯಲು ಎತ್ತಿ ಹಿಡಿದೆ.

"ನಿಂದರಲೇ! ಸಾರ ಮಾಡಾಕತ್ತೀಯೇನ?"

ಬಾಗಿಲಲ್ಲಿ ಅವ್ವ. ಹಣೆಯ ವಿಭೂತಿ ಇನ್ನೂ ಆರಿರಲಿಲ್ಲ. ಬಂದವಳೇ ಸೆರಗು ಬಿಗಿದು, ಕೂಸಿಗೆ ಎರೆಯುವ ನೀರು ನೋಡುವಂತೆ ಮೊಣಕೈಯನ್ನು ಪೆಟ್ಟಿಗೆಯೊಳಗೆ ಅದ್ದಿದಳು. "ಬದಿಗೆ ಸ್ವಲ್ಪ ಸ್ವಲ್ಪ ಹನಿಸು" ಎಂದಳು. ನಾನು ಹನಿಸಿದೆ. ಅವಳ ಮೊಣಕೈ ನೀರಿನಲ್ಲೇ ಇತ್ತು. ಮೀನುಗಳು ಅದರ ಸುತ್ತ ಸುಳಿದಾಡಿದವು. ಅವ್ವ ಬಗ್ಗಿ ಮೂಲೆಯ ಕರಿ ಮೀನನ್ನೇ ನೋಡಿದಳು.

"ಗಂಗಾ, ಲಗೂನ ಬಾ ಇಲ್ಲಿ! ಇದು ಸಾಯಾಕತ್ತಿಲ್ಲವ್ವಾ, ಹಡ್ಯಾಕತ್ತೈತಿ!"

ನಿಜ. ಕರಿ ಮೀನಿನ ಹಿಂದೆ ಜೀರಿಗೆ ಕಾಳಿನಂಥ ಮರಿಗಳು ಒಂದೊಂದಾಗಿ ಈಸುತ್ತಿದ್ದವು. ಉಳಿದ ಮೀನುಗಳು ಅವನ್ನು ನುಂಗಲು ಬಂದಾಗ ಅವ್ವ, "ಹೊಟ್ಟಿ ಸೇದಿಹೋಗ್ಲಿ ನಿಮ್ದು!" ಎಂದು ಬೈಯುತ್ತ ಬಟ್ಟಲಲ್ಲಿ ತಾಯಿಮಕ್ಕಳನ್ನು ಎತ್ತಿ ಬೇರೆ ಪಾತ್ರೆಗೆ ಬಿಟ್ಟಳು. ಅಷ್ಟರಲ್ಲಿ ಮಗ್ಗಗಳು ಮತ್ತೆ ಖಟಖಟ ಎಂದವು. ಗುಳ್ಳೆ ಎದ್ದವು. ಈರಪ್ಪ ತಂಬಿಗೆ ಇಟ್ಟು ಓಡಿದ.

ಅವ್ವ ಸಾವಳಗಿಗೆ ಹೋಗಲಿಲ್ಲ. ಅವಳ ತಂಗಿಯೇ ಬಾಣಂತಿಯನ್ನು ನೋಡಿಹೋಗಲು ಬಂದಳು. ಕರೆಂಟು ಹೋದಾಗಲೆಲ್ಲ ಹಂಡೆಯ ನೀರಿನ ಮೊದಲ ಹಕ್ಕು ಮೀನಿನದಾಯಿತು. ಒಂದು ದಿನ ಹಾಗೆಯೇ ತಣ್ಣೀರು ಸುರಿದುಕೊಂಡು, ಹಲ್ಲು ಕಟಕಟಿಸುತ್ತ ಪಡಸಾಲೆಗೆ ಬಂದೆ. ಅವ್ವ ತಲೆಯೆತ್ತಿ ನನ್ನನ್ನೇ ನೋಡಿದಳು. ಎಷ್ಟಾದರೂ ಹೆತ್ತ ಕರುಳು, ಚುರ್ರೆಂದಿರಬೇಕು ಎಂದುಕೊಂಡೆ.

"ಬಾಗಲಾ ಮುಚ್ಚೋ" ಎಂದಳು, "ಬಾಣಂತಿಗೆ ಗಾಳಿ ಬಡೀತೈತಿ."