ಕರುವಿನ ಬಾನಿಗೆ ಮೂರು ಕೋಟು ಬಣ್ಣ

ನಾನು ಮೊದಲ ಸಲ ಮನೆ ಬಿಟ್ಟು ಹೊರಟಿದ್ದು ಒಂದು ಸೋಮವಾರ, ಏಳನೇ ಕ್ಲಾಸಿನ ಗಣಿತ ಪರೀಕ್ಷೆಯ ದಿನ. ಸ್ಕೂಲಿನ ಕಡೆ ಹೋಗಬೇಕಾದ ಕಾಲು ಬಸ್ ಸ್ಟ್ಯಾಂಡಿನ ಕಡೆ ತಿರುಗಿತು, ಅಷ್ಟೇ. ಅವತ್ತು ಸಂಜೆ ನಂಜನಗೂಡಿನಲ್ಲಿ ಲಾರಿ ಬಾಡಿ ಕಟ್ಟುವವನೊಬ್ಬನ ಶೆಡ್ಡಿನಲ್ಲಿ ನನ್ನ ಕೈಗೆ ಮರ ಉಜ್ಜುವ ಉಪ್ಪುಕಾಗದ ಬಂತು. ಅಲ್ಲಿಂದ ಇಲ್ಲಿಯವರೆಗೆ ನಾನು ಉಜ್ಜದ ಮರವಿಲ್ಲ, ನೆಟ್ಟಗೆ ಒಂದು ವರ್ಷ ನಿಂತ ಊರೂ ಇಲ್ಲ. ಬಣ್ಣದವನ ಬದುಕಿನಲ್ಲಿ ನಗುವಂಥದ್ದು ಏನಾದರೂ ಆಗುತ್ತಲೇ ಇರುತ್ತದೆ. ಹಸಿ ಬಣ್ಣ ಇದ್ದ ಕಡೆ ಮನುಷ್ಯರು ಸುಮ್ಮನಿರುವುದಿಲ್ಲ, ಅದಕ್ಕೆ. ಆದರೆ ನಾನು ಹೆಚ್ಚು ನಕ್ಕಿದ್ದು ಮಾತ್ರ ಯಾರೂ ನಗದಿದ್ದ ಮನೆಯೊಂದರಲ್ಲಿ. ಸೋಸಲೆಯಲ್ಲಿರುವ ನಮ್ಮ ಅಕ್ಕನ ಮನೆಯಲ್ಲಿ.

ಬಾನಿ

ಅಕ್ಕನ ಗಂಡ, ಅಂದರೆ ನಮ್ಮ ಭಾವ, ನಾಲೆಯ ನೀರುಗಂಟಿ. ತೂಬು ಎತ್ತುವುದು, ತೂಬು ಇಳಿಸುವುದು ಬಿಟ್ಟರೆ ಬೇರೆ ಕೈಕೆಲಸ ಗೊತ್ತಿಲ್ಲದವರು. ಅಂಥವರು ಫೋನ್ ಮಾಡಿ, "ಒಂದ್ ಮರದ್ ಸಾಮಾನು ಮಾಡಿವ್ನಿ, ಬಂದು ಬಣ್ಣ ಒಡ್ಕೊಡು" ಅಂದರು. ಆಗ ನಾನು ನಂಜನಗೂಡಿನ ಫರ್ನಿಚರ್ ಅಂಗಡಿಯೊಂದರಲ್ಲಿದ್ದೆ. ಬಿಟ್ಟು ಬಂದೆ. ಬಿಟ್ಟು ಬರುವುದು ನನಗೆ ಕಷ್ಟವಲ್ಲ.

ಹಸು ಮಾರಿ ಖಾಲಿ ಬಿದ್ದಿದ್ದ ಕೊಟ್ಟಿಗೆಗೆ ಕರೆದುಕೊಂಡು ಹೋಗಿ ಗೋಣಿಚೀಲ ಸರಿಸಿದರು. ಹಳೇ ಅಟ್ಟದ ಹಲಗೆಯಲ್ಲಿ ಮಾಡಿದ ತೊಟ್ಟಿಲು. ಮೂಲೆಗೆ ಮೂಲೆ ಕೂತಿಲ್ಲ, ಒಂದು ಬದಿ ಎತ್ತರ, ಒಂದು ಬದಿ ತಗ್ಗು, ಮೊಳೆ ಹೊಡೆದ ಕಡೆಯೆಲ್ಲ ಸೀಳು.

ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಸೀಳು ನೋಡಿ ಅಲ್ಲ. ಅಕ್ಕನ ಮಗಳು ಹೆರಿಗೆಗೆ ತವರಿಗೆ ಬಂದಿದ್ದಳು. ಇದು ಮೂರನೆಯದು. ಮೊದಲಿನ ಎರಡೂ ಉಳಿದಿರಲಿಲ್ಲ. ಮಗು ಹುಟ್ಟುವ ಮುಂಚೆ ಮನೆಯೊಳಗೆ ತೊಟ್ಟಿಲು ಬರಬಾರದು ಅನ್ನುವುದು ನಮ್ಮ ಕಡೆ ಎಲ್ಲರಿಗೂ ಗೊತ್ತು.

"ಭಾವ, ಇದನ್ನ ಈಗ್ಲೇ..."

"ಸುಮ್ಕಿರು. ಮೊದಲ್ನೇ ಸಲ ಮುಂಚೇನೇ ತಂದೋ, ಓಯ್ತು. ಎರಡ್ನೇ ಸಲ ತರ್ಲೇ ಇಲ್ಲ, ಆಗ್ಲೂ ಓಯ್ತು. ಕೈ ಕಟ್ಕೊಂಡು ಕೂತ್ರೆ ಈ ಸಲ್ವೂ ಬರಾಕಿಲ್ಲ ಅಂತ ನಾನೇ ಒಪ್ಕೊಂಡಂಗಾಯ್ತದೆ ಕಣ್ಲಾ. ನೀನು ಒಂದು ಮಾಡು. ಮಗೀನ ಮೈಗೆ ಒಂದ್ ಸಿಬರೂ ತಾಕ್ಬಾರ್ದು. ಬೆಣ್ಣೆ ಇದ್ದಂಗಿರ್ಬೇಕು."

ಅಷ್ಟರಲ್ಲಿ ಬೇಲಿಯ ಮೇಲೆ ಒಂದು ತಲೆ ಕಾಣಿಸಿತು. ಪಕ್ಕದ ಮನೆಯವನು, ಹಸು ಕಟ್ಟಿಕೊಂಡು ಡೇರಿಗೆ ಹಾಲು ಹಾಕುವವನು.

"ಏನಣ್ಣೋ ಅದು?"

ಭಾವನಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ. ಕೊಟ್ಟಿಗೆಯನ್ನೆಲ್ಲ ಒಂದು ಸುತ್ತು ನೋಡಿ, "ಬಾನಿ. ಕರೀಗೆ ಬೂಸಾ ಇಡೋಕೆ" ಅಂದುಬಿಟ್ಟರು.

"ನಿಮ್ಮನೇಲಿ ಕರನೇ ಇಲ್ವಲ್ಲಣ್ಣ!"

"ಬತ್ತದೆ" ಅಂದರು ಭಾವ. ಗೋಣಿಚೀಲ ಎಳೆದು ಮುಚ್ಚುತ್ತಾ ಮತ್ತೆ, "ಈ ಸಲ ಬತ್ತದೆ."

ಕೋಡಿ

ನುಣುಪು ಬರುವುದು ಬಣ್ಣದಿಂದ ಅಂತ ಜನ ತಿಳಿದಿದ್ದಾರೆ. ಅಲ್ಲ, ಉಜ್ಜುವುದರಿಂದ. ಮೊದಲು ಒರಟು ಕಾಗದ, ಆಮೇಲೆ ಸಣ್ಣದು, ಆಮೇಲೆ ಇನ್ನೂ ಸಣ್ಣದು. ಮರದ ಎಳೆ ಹೋದ ದಿಕ್ಕಿಗೇ ಕೈ ಹೋಗಬೇಕು. ಸೀಳಿಗೆಲ್ಲ ಪುಟ್ಟಿ ತುಂಬಿ, ಒಣಗಿಸಿ, ಮತ್ತೆ ಉಜ್ಜಬೇಕು. ಅಡ್ಡಾದಿಡ್ಡಿ ಉಜ್ಜಿದರೆ ಎಷ್ಟು ಬಣ್ಣ ಬಳಿದರೂ ಗೀರು ಎದ್ದು ಕಾಣುತ್ತದೆ.

ಪಕ್ಕದ ಮನೆಯವನಿಗೆ ಬೆಳಗಿನ ಹಾಲು ಹಾಕಿ ಬಂದ ಮೇಲೆ ಇದನ್ನು ನೋಡುವುದೇ ಕೆಲಸವಾಯಿತು.

"ಅಲ್ಲ ಕಣಣ್ಣ, ಬಾನಿಗೆ ಇಷ್ಟ್ಯಾಕೆ ಉಜ್ಜಿಸ್ತೀಯ? ಕರ ಅದ್ರಲ್ಲಿ ಮಕ ನೋಡ್ಕಂಡ್ ತಿಂತದಾ?"

"ನಾಲ್ಗೆಗೆ ಸಿಬರು ಚುಚ್ಚಬಾರ್ದು ಅಂತ."

"ಸರಿ. ನಾಕ್ ಮೂಲೇಗೂ ತೂತ್ಯಾಕೆ?"

ತೊಟ್ಟಿಲಿಗೆ ಹಗ್ಗ ಕಟ್ಟುವ ತೂತು ಅವು. ನಾನು ಬೇಕೆಂದೇ ಬಗ್ಗಿ ಉಜ್ಜತೊಡಗಿದೆ.

"ನೀರು ಬಸ್ದೋಗಾಕೆ" ಅಂದರು ಭಾವ.

"ತೂತು ಮೇಲ್ಗಡೆ ಅದಲ್ಲಣ್ಣೋ!"

ಭಾವ ಬದುಕೆಲ್ಲ ನೀರು ನೋಡಿಕೊಂಡೇ ಬಂದವರು. ಇಷ್ಟು ಹೊತ್ತಿನಲ್ಲಿ ಮೊದಲ ಸಲ ಅವರಿಗೆ ಧೈರ್ಯ ಬಂತು. "ನಿಂಗೆ ಗೊತ್ತಾಗಾಕಿಲ್ಲ ಸುಮ್ಕಿರು. ಅದು ಕೋಡಿ. ತುಂಬಿದ್ ಮೇಲೆ ಆಚೆಗೋಯ್ತದೆ."

ಪಕ್ಕದವನು ತಲೆ ಆಡಿಸಿದ. ಕೋಡಿ ಇರುವ ಬಾನಿಯನ್ನು ಅವನು ಹುಟ್ಟಿದಾಗಿನಿಂದ ಕಂಡಿರಲಿಲ್ಲ.

ಒಳಗೆ ಅಕ್ಕನ ಮಗಳಿಗೆ ದಿನವಿಡೀ ಈ ಉಜ್ಜುವ ಸದ್ದು ಕೇಳುತ್ತಿತ್ತು. ಆ ಹುಡುಗಿ ಬಂದಾಗಿನಿಂದ ಮಾತೇ ಆಡುತ್ತಿರಲಿಲ್ಲ. ಬಾಯಿಬಿಟ್ಟರೆ ಎಲ್ಲಿ ಏನಾಗುತ್ತೋ ಅನ್ನುವ ಹಾಗೆ ಗೋಡೆ ಹಿಡಿದುಕೊಂಡು ಓಡಾಡುತ್ತಿದ್ದಳು. ಒಂದು ಮಧ್ಯಾಹ್ನ ಹಿತ್ತಿಲ ಬಾಗಿಲಿಗೆ ಬಂದು ನಿಂತಳು. ನಾನು ಗಾಬರಿಯಾಗಿ ಗೋಣಿಚೀಲ ಎಳೆದೆ. ಅದು ಅರ್ಧ ಮುಚ್ಚಿತು, ಅರ್ಧ ಮುಚ್ಚಲಿಲ್ಲ.

"ಏನು ಮಾವ ಅದು?"

"ಬಾನಿ ಕಣವ್ವ."

ಅವಳು ನಿಧಾನವಾಗಿ ಬಂದು ಅಂಚಿನ ಮೇಲೆ ಅಂಗೈ ಆಡಿಸಿದಳು. ಉದ್ದಕ್ಕೂ ಆಡಿಸಿ ಒಂದು ಕಡೆ ನಿಲ್ಲಿಸಿದಳು.

"ಇಲ್ಲಿನ್ನೂ ತರಿ ಅದೆ. ಕರೀಗೆ ಚುಚ್ತದೆ" ಅಂದು ಒಳಗೆ ಹೋದಳು.

ನಾಲಿಗೆ

ಬಣ್ಣ ತರಲು ಟಿ. ನರಸೀಪುರಕ್ಕೆ ಹೋದೆ. ವಾಸನೆ ಇಲ್ಲದ, ಮಕ್ಕಳಿಗೆ ಆಗುವಂಥ ನೀರಿನ ಬಣ್ಣ ಕೇಳಿದೆ. ಅಂಗಡಿಯವನು ಯಾವುದಕ್ಕೆ ಅಂದ. ಊರಿನವರು ಯಾರಾದರೂ ಪಕ್ಕದಲ್ಲಿ ಇರಬಹುದೆಂದು ಬಾನಿಗೆ ಅಂದೆ. ಅವನು ಡಬ್ಬ ಕೊಟ್ಟ; ನನ್ನನ್ನು ಮಾತ್ರ ಪಾಪ ಅನ್ನುವ ಹಾಗೆ ನೋಡಿದ.

ಬಣ್ಣಕ್ಕೆ ದೊಡ್ಡ ಶತ್ರು ಧೂಳು. ಎದುರಿನ ರಸ್ತೆಯಲ್ಲೇ ಹುರುಳಿ ಹರಡಿದ್ದರು. ಬಸ್ಸು ಬಂದು ತುಳಿಯುವುದು, ಹೊಟ್ಟು ಹಾರುವುದು. ನಾನು ಕೊಟ್ಟಿಗೆಯ ನೆಲಕ್ಕೆ ನೀರು ಚಿಮುಕಿಸಿ, ಬಾಗಿಲಿಗೆ ಒದ್ದೆ ಬೆಡ್‌ಶೀಟು ಕಟ್ಟಿ, ಬಣ್ಣವನ್ನು ಹಳೇ ಪಂಚೆಯಲ್ಲಿ ಸೋಸಿದೆ. ತೆಳ್ಳಗೆ ಒಂದು ಕೋಟು, ಒಣಗಿದ ಮೇಲೆ ನೀರಿನಲ್ಲಿ ನೆನೆಸಿದ ಸಣ್ಣ ಕಾಗದದಿಂದ ಹಗುರವಾಗಿ ಒಂದು ಸಲ ಉಜ್ಜುವುದು, ಮತ್ತೆ ಒಂದು ಕೋಟು. ಎರಡನೇ ಕೋಟಿಗೆ ಅದು ಕೆನೆ ಕಟ್ಟಿದ ಹಾಲಿನ ಹಾಗೆ ಕಾಣಿಸಿತು. ನಾನು ಕೈ ತೊಳೆಯಲು ಬಾವಿಕಟ್ಟೆಗೆ ಹೋದೆ.

ತಿರುಗಿ ಬಂದರೆ ಬೆಡ್‌ಶೀಟಿನ ಕೆಳಗೆ ಎರಡು ಬಾಲ. ಅಂದರೆ ಒಂದು ಕರುವಿನದು, ಇನ್ನೊಂದು ಪಕ್ಕದ ಮನೆಯವನ ಟವಲಿನದು.

"ಎತ್ತರ ಸರಿ ಅದಾ ಅಂತ ನೋಡಾನ ಅಂತ ನಮ್ ಕರ ಇಡ್ಕಬಂದೆ" ಅಂದ.

ಕರು ಆಗಲೇ ಒಂದು ಬದಿಯನ್ನು ಈ ಕೊನೆಯಿಂದ ಆ ಕೊನೆಯವರೆಗೆ ನೆಕ್ಕಿ ಮುಗಿಸಿತ್ತು. ಹಸಿ ಬಣ್ಣದ ಮೇಲೆ ಅರ ಹಾಕಿ ಎಳೆದ ಹಾಗೆ ಗೆರೆಗಳು. ಭಾವ ಬೈಯಲೆಂದು ಓಡಿಬಂದರು. ಬಾನಿಗೆ ಕರು ಬಾಯಿ ಹಾಕಿದರೆ ಬೈಯುವುದು ಹೇಗೆ?

ಪಕ್ಕದವನು ತನ್ನ ಕರುವಿನ ಬಿಳಿ ಮೂತಿಯನ್ನು ಟವಲಿನಲ್ಲಿ ಒರೆಸುತ್ತಾ ಹೇಳಿದ, "ಎತ್ತರ ಸರಿ ಅದೆ ಬುಡಣ್ಣ. ಬಣ್ಣಕ್ಕೆ ಒಂಚೂರು ಉಪ್ಪು ಕಮ್ಮಿ."

ಹೆಬ್ಬೆರಳು

ನೆಕ್ಕಿದ್ದನ್ನು ಉಜ್ಜಿ ತೆಗೆದು, ಮೂರನೇ ಕೋಟು ಶುರುಮಾಡಿದ ದಿನವೇ ಹುಡುಗಿಗೆ ನೋವು ಬಂತು. ಅಕ್ಕ ಮತ್ತು ಹುಡುಗಿಯ ಗಂಡ ಅವಳನ್ನು ನರಸೀಪುರದ ಆಸ್ಪತ್ರೆಗೆ ಕರೆದುಕೊಂಡು ಹೋದರು. ಭಾವ ಹೋಗಲಿಲ್ಲ. "ಎರಡ್ ಸಲವೂ ಆ ಬೆಂಚ್ ಮೇಲೇ ಕೂತಿದ್ದೆ. ಮೂರ್ನೇ ಸಲ ಕೂರಾಕಿಲ್ಲ" ಅಂದರು. ಬ್ರಷ್ಷು ಕೊಡು ಅಂದರು. ಕೊಟ್ಟೆ. ಇಬ್ಬರೂ ಆಚೆ ಒಂದು ಬದಿ, ಈಚೆ ಒಂದು ಬದಿ ಕೂತು ಬಳಿದೆವು. ಭಾವ ಬಳಿದ ಬಣ್ಣವೆಲ್ಲ ಅವರ ಬೆರಳಿಗೇ ಆಗುತ್ತಿತ್ತು. ಅವರು ಬಳಿದದ್ದನ್ನು ನಾನು ಅವರಿಗೆ ಕಾಣದ ಹಾಗೆ ಸರಿ ಮಾಡುತ್ತಿದ್ದೆ.

ಫೋನ್ ಬಡಿದುಕೊಂಡಿತು. ಅಕ್ಕನದು.

ಭಾವ ಹೆಬ್ಬೆರಳು ಎಳೆದರು. ಫೋನಿಗೆ ಬಣ್ಣ ಬಳಿದ ಬೆರಳು ಗೊತ್ತಾಗುವುದಿಲ್ಲ. ಮತ್ತೆ ಎಳೆದರು. ಗಾಜಿನ ಮೇಲೆ ಕೆನೆ ಬಣ್ಣದ ಪಟ್ಟೆ ಬಿತ್ತೇ ಹೊರತು ಫೋನ್ ತೆರೆಯಲಿಲ್ಲ. ಬಡಿದು ಬಡಿದು ನಿಂತುಹೋಯಿತು. ನನ್ನ ಎರಡೂ ಕೈಯಲ್ಲೂ ಬಣ್ಣ. ಭಾವ ನನ್ನ ಮುಖ ನೋಡಿದರು. ಹಾಗೆ ನನ್ನನ್ನು ಯಾರೂ ನೋಡಿರಲಿಲ್ಲ.

ಮತ್ತೆ ಬಡಿಯಿತು. ಭಾವ ಬಗ್ಗಿ, ನಮಸ್ಕಾರ ಮಾಡುವವರ ಹಾಗೆ, ಮೂಗಿನಿಂದ ಫೋನ್ ಎಳೆದರು. ತೆರೆಯಿತು.

"ಹೆಣ್ಣು ಕಣ್ರೀ" ಅಂದಳು ಅಕ್ಕ. "ಜೋರಾಗಿ ಅಳ್ತಾ ಅದೆ."

"ಯಾರು?"

"ಮಗು ಕಣ್ರೀ! ಇನ್ಯಾರು ಅಳ್ಬೇಕು?"

ಭಾವ ತಲೆ ಎತ್ತಿದರು. ಮೂಗಿನ ತುದಿ ಬೆಳ್ಳಗಾಗಿತ್ತು. ಕಣ್ಣೊರೆಸಿಕೊಂಡರು, ಅದೂ ಬೆಳ್ಳಗಾಯಿತು. ಅದೇ ಮುಖದಲ್ಲೇ ಆಸ್ಪತ್ರೆಗೆ ಹೊರಟರು. ಬಸ್ಸಿನಲ್ಲಿ ಯಾರೋ ಏಳಿ ಏಳಿ ಅಂತ ಸೀಟು ಬಿಡಿಸಿಕೊಟ್ಟರಂತೆ, ಬೂದಿ ಬಳಿದುಕೊಂಡ ಯಾರೋ ಸ್ವಾಮಿಗಳು ಅಂದುಕೊಂಡು.

ಸಗಣಿ

ತೊಟ್ಟಿಲಿಗೆ ಹಾಕುವ ದಿನ ಹುಡುಗಿಯ ಗಂಡನ ಅಜ್ಜಿ ಹೆಮ್ಮರಗಾಲದಿಂದ ಬಂದರು. ಆ ಅಜ್ಜಿಯ ಮಾತು ಎರಡೂ ಮನೆಯಲ್ಲಿ ಯಾರೂ ಮೀರುವುದಿಲ್ಲ. ಭಾವ, ನಾನು ಸೇರಿ ತೊಟ್ಟಿಲನ್ನು ನಡುಮನೆಗೆ ತಂದು ಹಗ್ಗ ಕಟ್ಟಿದೆವು. ಕಿಟಕಿಯ ಬೆಳಕು ಅದರ ಮೇಲೆ ಬಿದ್ದು ಜಾರುತ್ತಿತ್ತು. ನನ್ನ ಕೆಲಸ ನಾನೇ ನೋಡಿ ಇಷ್ಟಪಟ್ಟದ್ದು ಅದೊಂದೇ ಸಲ.

ಆಗ ಬಾಗಿಲಲ್ಲಿ ಪಕ್ಕದ ಮನೆಯವನು ಕೂಗಿದ. "ಅಣ್ಣೋ! ಮಗೀನ ಕರೀನ ಬಾನೀಲಿ ಮಲಗಿಸ್ತೀರಾ?"

ಎಲ್ಲರೂ ತಿರುಗಿದರು. ಮುಂಚೆಯೇ ತೊಟ್ಟಿಲು ಮಾಡಿದ್ದೆವು ಅನ್ನುವ ಹಾಗಿಲ್ಲ. ಹುಡುಗಿ ಮಗುವನ್ನು ಎದೆಗೆ ಇನ್ನಷ್ಟು ಒತ್ತಿಕೊಂಡಳು.

"ಬಾನಿಯಾ?" ಅಂದರು ಅಜ್ಜಿ.

"ಊಂ. ಬಾನಿ" ಅಂದರು ಭಾವ, ನೆಲ ನೋಡುತ್ತಾ.

"ಕರ ಬಾಯಾಕಿತ್ತಾ?"

"ಆಕಿತ್ತು ಕಣಜ್ಜಿ! ನಮ್ ಕರನೇ ನೆಕ್ಕದೆ!" ಅಂದ ಪಕ್ಕದವನು, ಹೆಮ್ಮೆಯಿಂದ.

ಅಜ್ಜಿಯ ಮುಖ ಅರಳಿತು. "ಸರ್‍ಯಾಗದೆ ಬುಡಿ. ಎರಡು ಓದ್ಮೇಲೆ ಉಳ್ದಿರೋ ಮಗು. ನಮ್ಮತ್ತೆ ಕಾಲ್ದಲ್ಲಿ ಇಂಥ ಮಕ್ಳ ತಿಪ್ಪೆ ಮೇಲೊಂದ್ ಗಳ್ಗೆ ಮಲಗ್ಸಿ ಎತ್ಕತಿದ್ರು, ಯಾರ್ಗೂ ಬ್ಯಾಡದ್ ಮಗು ಅಂತ ಕಾಣ್ಲಿ ಅಂತ. ಬಾನೀಲಿ ಮಲಗಿರೋ ಮಗೀನ ಯಾವ ಕೆಟ್ಟ ಕಣ್ಣು ತಿರುಗ್ ನೋಡ್ತದೆ?" ಹತ್ತಿರ ಬಂದು ಕಣ್ಣು ಕಿರಿದು ಮಾಡಿದರು. "ಆದ್ರೆ ಇಂಗೆ ತಳತಳ ಅಂದ್ರೆ ಬಾನಿ ಅಂತ ಯಾರ್ ನಂಬ್ತಾರೆ? ಸಗಣಿ ತಕ್ಕಬನ್ನಿ."

ಪಕ್ಕದವನು ಒಂದೇ ಓಟಕ್ಕೆ ತಂದ. ಅಜ್ಜಿ ನಾಲ್ಕು ಬೆರಳಲ್ಲಿ ಎತ್ತಿ ಹೊರಬದಿಗೆ ಬಳಿದರು. ಸಗಣಿ ಒಂದು ಕ್ಷಣ ನಿಂತಿತು, ಆಮೇಲೆ ಮೆತ್ತಗೆ ಜಾರಿ ಪೊತ್ತೆಂದು ಕೆಳಗೆ ಬಿತ್ತು. ಮತ್ತೆ ಬಳಿದರು. ಮತ್ತೆ ಬಿತ್ತು.

"ಇದೇನ್ಲಾ ಇದು, ನಿಲ್ತಾನೇ ಇಲ್ಲ! ಯಾವನು ಬಣ್ಣ ಒಡ್ದೋನು?"

ಎಲ್ಲರೂ ನನ್ನ ಕಡೆ ಕೈ ತೋರಿಸಿದರು.

"ಕೆಲ್ಸ ಕೆಡಿಸ್ಬುಟ್ಟಲ್ಲೋ. ಆ ಉಜ್ಜೋ ಕಾಗ್ದ ತತ್ತಾ. ಸಗಣಿ ಇಡಿಯೋಂಗೆ ಮಾಡು."

ಇದ್ದುದರಲ್ಲಿ ಅತಿ ಒರಟು ಕಾಗದ ತಂದು ಮಂಡಿಯೂರಿದೆ. "ಒಳ್ಗಡೆ ಮುಟ್ಬ್ಯಾಡ" ಅಂತ ಭಾವ ಕಿವಿಯಲ್ಲಿ ಪಿಸುಗುಟ್ಟಿದರು. ನನ್ನ ಮೂರು ಕೋಟಿನ ಹೊರಮೈಯನ್ನು ನಾನೇ ಅಡ್ಡಾದಿಡ್ಡಿ ಗೀರಿದೆ. ಬಂದವರೆಲ್ಲ "ಇನ್ನೊಂಚೂರು, ಈ ಕಡೆ ಇನ್ನೊಂಚೂರು" ಅನ್ನುತ್ತಿದ್ದರು. ಈಗ ಸಗಣಿ ಹಿಡಿಯಿತು. ಹುಡುಗಿ ಒಳಬದಿಗೆ ಅಂಗೈ ಆಡಿಸಿದಳು, ಉದ್ದಕ್ಕೂ, ಎಲ್ಲೂ ನಿಲ್ಲಿಸಲಿಲ್ಲ. ಮಗುವನ್ನು ಮಲಗಿಸಿ ನನ್ನ ಕಡೆ ನೋಡಿ ನಕ್ಕಳು. ನಾನು ಬಂದಾಗಿನಿಂದ ಅದೇ ಮೊದಲು.

ಊಟ ಮುಗಿಸಿ ಕೊಟ್ಟಿಗೆಗೆ ಹೋಗಿ ಬ್ರಷ್ಷು ತೊಳೆದೆ, ಉಳಿದ ಕಾಗದ ಸುರುಳಿ ಸುತ್ತಿದೆ, ಚೀಲಕ್ಕೆ ತುಂಬಿದೆ. ಭಾವ ಬಂದು ಇನ್ನೆರಡು ದಿನ ಇರೋ ಅಂದರು. ನರಸೀಪುರದ ಬಸ್ಸಿಗೆ ಹೊತ್ತಾಯಿತು ಅಂದೆ. ಅಲ್ಲಿಂದ ಎಲ್ಲಿಗೆ ಅಂತ ಅವರೂ ಕೇಳಲಿಲ್ಲ, ನನಗೂ ಗೊತ್ತಿರಲಿಲ್ಲ. ಚೀಲ ಹೆಗಲಿಗೇರಿಸುವಾಗ ಒಳಗಿನಿಂದ ಹಗ್ಗ ಕಿರ್ ಕಿರ್ ಅನ್ನುವುದು ಕೇಳಿಸಿತು. ಅದರ ಮೇಲೆ ಅಜ್ಜಿಯ ಗಂಟಲು.

"ಬಣ್ಣದವ್ನು ಒಂಟ್ನಾ? ಓಗ್ಲಿ ಬುಡಿ. ಕೆಲ್ಸ ಗೊತ್ತಿಲ್ಲ ಅವ್ನಿಗೆ."