ಜಪಾನಿನ ಮೇಜಿನ ಮೇಲೆ ನಿಪ್ಪಟ್ಟು

ಮಕ್ಕಳೇ, ನಿಮ್ಮ ಸಿಂಚನಕ್ಕನ ವಿಶ್ವವಿದ್ಯಾಲಯದಲ್ಲಿ ನಡೆದದ್ದನ್ನು ನಾನೇ ಬರೆದಿಡುತ್ತೇನೆ. ಅವಳು ಹೇಳಿದರೆ ಉಪ್ಪು ಖಾರ ಜಾಸ್ತಿಯಾಗುತ್ತದೆ.

ಯಲಹಂಕದಾಚೆ ಅವಳು ಓದುವಲ್ಲಿ ಪ್ರಪಂಚದ ಭಾಷೆಗಳ ಹಬ್ಬವಿತ್ತು. ದೊಡ್ಡ ಸಭಾಂಗಣದಲ್ಲಿ ಒಂದೊಂದು ಭಾಷೆಗೆ ಒಂದೊಂದು ಮೇಜು. ಜಪಾನಿ ಭಾಷೆಯ ಮೇಜು ಸಿಂಚನಳದು. ತೀರ್ಪುಗಾರರು ಮೆಚ್ಚಿದ ಮೇಜಿನವರಿಗೆ ಸಂಜೆ ವೇದಿಕೆ ಹತ್ತುವ ಅವಕಾಶ. ಅದಕ್ಕಾಗಿ ಅವಳು ವಾರಗಟ್ಟಲೆ ನನ್ನ ಮುಂದೆ ಮಂಡಿಯೂರಿ ಜಪಾನಿನ ಟೀ ಕೊಡುವುದನ್ನು ಅಭ್ಯಾಸ ಮಾಡಿದ್ದಳು. ಹಸಿರು ಟೀ, ಕಹಿ, ಸಕ್ಕರೆ ಇಲ್ಲ. ಮೊಮ್ಮಗಳೆಂದು ಕುಡಿದೆ.

"ಅಜ್ಜಿ, ನೀನೂ ಬಾ. ಸುಮ್ನೆ ಕೂತಿದ್ರೆ ಸಾಕು" ಅಂದಳು.

ಸುಮ್ಮನೆ ಕೂರುವುದರಲ್ಲಿ ನಾನು ಪಳಗಿದವಳು. ಹೊಸಬರ ಮುಂದೆ ನನಗೆ ಬಾಯೇ ಬರುವುದಿಲ್ಲ. ನನ್ನಿಂದ ಯಾರಿಗೆ ಏನು ತೊಂದರೆಯಾದೀತು?

ಅವಳ ಮೇಜಿನ ಮೇಲೆ ಒಂದು ಬಟ್ಟಲು, ಒಂದು ಹೂವು. ಅಷ್ಟೇ.

"ಇನ್ನೇನೂ ಇಡಲ್ವೇನೇ? ಬಿಕೋ ಅನ್ನುತ್ತೆ."

"ಖಾಲಿ ಇರೋದೇ ಇದರ ಚೆಂದ ಅಜ್ಜಿ. ತೀರ್ಪುಗಾರರು ಅದನ್ನೇ ನೋಡೋದು. ಕರ್ಕೊಂಡು ಬರ್ತೀನಿ, ಮೇಜು ನೋಡ್ಕೊಂಡಿರು."

ಅವಳು ಅತ್ತ ಹೋದಳು. ಇತ್ತ ರಷ್ಯದ ಮೇಜಿನ ಹುಡುಗಿ ನನಗೊಂದು ಲೋಟ ಟೀ ತಂದಳು. ಕುಡಿದೆ. ಲೋಟ ಹಿಂತಿರುಗಿಸುವಾಗ ಕೈ ತಡೆಯಿತು. ಬೇರೆಯವರ ಪಾತ್ರೆಯನ್ನು ನಾನು ಈ ಜನ್ಮದಲ್ಲಿ ಖಾಲಿ ಕೊಟ್ಟವಳಲ್ಲ. ಏನೂ ಇಲ್ಲದಿದ್ದರೆ ಚಿಟಿಕೆ ಸಕ್ಕರೆಯಾದರೂ ಹಾಕಬೇಕು. ಚೀಲದಲ್ಲಿ ನಿಪ್ಪಟ್ಟಿತ್ತು. ಮುರಿದು ಲೋಟಕ್ಕೆ ಹಾಕಿಕೊಟ್ಟೆ.

"ಏನಜ್ಜಿ ಇದು?"

"ಖಾಲಿ ಕೊಡಬಾರ್ದಮ್ಮ" ಎಂದೆ, ನೆಲ ನೋಡುತ್ತಾ.

ಹುಡುಗಿಗೆ ಈ ಪದ್ಧತಿ ಬಹಳ ಹಿಡಿಸಿತು. ಸುತ್ತಲಿನ ಮೇಜುಗಳಿಗೆಲ್ಲ ಸಾರಿಬಿಟ್ಟಳು.

ಆಮೇಲೆ ಫ್ರೆಂಚಿನವನು ತಟ್ಟೆಯಲ್ಲಿ ಕೇಕ್ ತಂದ. ಅರಬ್ಬಿಯವಳು ಖರ್ಜೂರ ತಂದಳು. ಬೇಡವೆನ್ನಲು ಸಂಕೋಚ. ತಂದದ್ದನ್ನು ನಮ್ಮ ಮೇಜಿನ ಮೇಲೆ ಸುರಿದುಕೊಂಡು ತಟ್ಟೆಗೆ ನಿಪ್ಪಟ್ಟು ಇಟ್ಟೆ. ಅವರೂ ಪದ್ಧತಿ ಕಲಿತವರು. ನಿಪ್ಪಟ್ಟು ತಿಂದು, ತಟ್ಟೆ ತುಂಬಿಕೊಂಡು ಮತ್ತೆ ಬಂದರು. ಎರಡೂ ಕಡೆಯವರಿಗೆ ಸಂಸ್ಕಾರವಿದ್ದರೆ ಈ ವ್ಯವಹಾರಕ್ಕೆ ಕೊನೆಯೇ ಇಲ್ಲವೆಂಬ ಸತ್ಯ ನನಗೆ ಆಗ ಹೊಳೆಯಿತು.

ನಿಪ್ಪಟ್ಟು ಮುಗಿಯಿತು. ಫ್ರಾನ್ಸಿನ ಕೇಕನ್ನು ಅರಬ್ಬಿಗೆ, ಅರಬ್ಬಿಯ ಖರ್ಜೂರವನ್ನು ರಷ್ಯಕ್ಕೆ ರವಾನಿಸಿದೆ. ಜಾಗ ಸಾಲದೆ ಸಿಂಚನಳ ಬಟ್ಟಲಿಗೂ ಏನೋ ಉಪ್ಪಿನಕಾಯಿ ಸುರಿದೆ. ಕೊನೆಗೆ ಸ್ಪೇನಿನ ಹುಡುಗಿ ತಟ್ಟೆ ತಂದಳು. ನನ್ನಲ್ಲಿದ್ದ ತಿಂಡಿಯೆಲ್ಲ ಅವಳ ಮೇಜಿನ ಮೇಲೆ ಆಗಲೇ ಇತ್ತು. ಕೊಡಲು ಉಳಿದದ್ದು ಹೂವೊಂದೇ. ಅದನ್ನೇ ಕೊಟ್ಟೆ.

ಆಗ ಸಿಂಚನ ತೀರ್ಪುಗಾರರೊಂದಿಗೆ ಬಂದಳು.

"ಇದು ಜಪಾನಾ?" ಅಂದರು ತೀರ್ಪುಗಾರರು.

ಸಿಂಚನ ನನ್ನನ್ನು ನೋಡಿದಳು. ನಾನು ನೆಲ ನೋಡಿದೆ.

"ಬೀಗರ ಊಟ ಇದ್ದಂಗಿದೆಯಲ್ಲಮ್ಮ" ಎಂದು ಒಂದು ಖರ್ಜೂರ ಬಾಯಿಗೆ ಹಾಕಿಕೊಂಡು ಅವರು ಮುಂದೆ ನಡೆದರು.

ಸಂಜೆ ವೇದಿಕೆ ಹತ್ತಿದ್ದು ಸ್ಪೇನಿನವರು. ಆ ಹುಡುಗಿ ನಮ್ಮ ಹೂವನ್ನು ಮುಡಿದೇ ಕುಣಿದಳು. ಚೆನ್ನಾಗಿ ಒಪ್ಪುತ್ತಿತ್ತು, ಆದರೆ ಅದನ್ನು ಸಿಂಚನಳಿಗೆ ಹೇಳುವ ಧೈರ್ಯವಾಗಲಿಲ್ಲ.

ಬಸ್ಸಿನಲ್ಲಿ ಅವಳು ಕಿಟಕಿಯಾಚೆ ನೋಡುತ್ತಲೇ ಇದ್ದಳು.

"ತಪ್ಪಾಯ್ತು ಕಣೇ. ನಿನ್ನ ಕಷ್ಟವೆಲ್ಲ ಹಾಳು ಮಾಡ್ದೆ" ಎಂದೆ.

ಕೊಡಿಗೇಹಳ್ಳಿ ಹತ್ತಿರ ಬಂದಾಗ ಅವಳು ನನ್ನ ಕಡೆ ತಿರುಗಿದಳು. "ಜಪಾನಿ ಕಲಿಸೋ ನಮ್ಮ ಮೇಡಂ ನಿನ್ನ ವಿಚಾರಿಸಿದ್ರು. ಮುಂದಿನ ವರ್ಷನೂ ನಿಮ್ಮಜ್ಜಿನ ಖಂಡಿತ ಕರ್ಕೊಂಡು ಬಾ ಅಂದ್ರು."

ನಾನು ಹಿಗ್ಗಿದೆ. ಇಷ್ಟೆಲ್ಲ ಆದರೂ ದೊಡ್ಡ ಓದು ಓದಿದವರು ನನ್ನ ಸಂಸ್ಕಾರವನ್ನು ಗುರುತಿಸಿದ್ದಾರಲ್ಲ! ಸೆರಗು ಸರಿಮಾಡಿಕೊಂಡು ಕೇಳಿದೆ:

"ಹೌದೇನೇ? ಎಲ್ಲಿ ಕೂರ್ಬೇಕಂತೆ?"

"ಸ್ಪೇನಿನ ಮೇಜಲ್ಲಿ."